ಕಾರ್ಬಮಾಜೆಪಿನ್ ಮಾತ್ರೆ: ಸ್ಕ್ಯಾನ್ ನಾರ್ಮಲ್ ಬಂದ ಮುಖದ ನರಶೂಲೆಗೆ

ಟ್ರೈಜೆಮಿನಲ್ ನರಶೂಲೆ (ಮುಖದ ಸ್ಪರ್ಶ ತಿಳಿಸುವ ನರದ ತೀವ್ರ ನೋವು) ಗೊತ್ತಾಗುವುದು ರೋಗಿ ಹೇಳುವ ಲಕ್ಷಣಗಳಿಂದ. ಎಂಆರ್‌ಐ ಸ್ಕ್ಯಾನ್ ಮುಖ್ಯವಾಗಿ ಗಡ್ಡೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ (ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಕಾರಣಗಳನ್ನು ಹುಡುಕಲು. ಹಾಗಾಗಿ ಸ್ಕ್ಯಾನ್ ನಾರ್ಮಲ್ ಇದ್ದರೂ ಸಾಮಾನ್ಯವಾಗಿ ಕಾರ್ಬಮಾಜೆಪಿನ್ ಮಾತ್ರೆಯೇ ಮೊದಲ ಆಯ್ಕೆ.

ಹಲ್ಲುಜ್ಜುವಾಗ, ಗಾಳಿ ತಾಗಿದಾಗ ಕರೆಂಟ್ ಹೊಡೆದಂತೆ ಬರುವ ನೋವಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಸದಾ ಉರಿಯುವ ನೋವಿಗೆ ಅಷ್ಟಕ್ಕಷ್ಟೆ. ಸಾಮಾನ್ಯವಾಗಿ 100 ಮಿ.ಗ್ರಾಂ., ದಿನಕ್ಕೆ ಎರಡು ಬಾರಿ ಶುರು. ವೈದ್ಯರು ನಿಧಾನವಾಗಿ ಏರಿಸುತ್ತಾರೆ. ಅವಸರಪಟ್ಟರೆ ತಲೆಸುತ್ತು, ತೂಕಡಿಕೆ, ಹೆಜ್ಜೆ ತಪ್ಪುವುದು. ಕೆಲವು ವಾರಗಳಲ್ಲಿ ಯಕೃತ್ತು ಔಷಧವನ್ನು ಬೇಗ ಕರಗಿಸತೊಡಗುತ್ತದೆ, ಆಗ ನೋವು ಮರಳಿದರೆ ಡೋಸ್ ಬದಲಿಸಬೇಕಾಗಬಹುದು. ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ರಕ್ತದ ಸೋಡಿಯಂ ತಗ್ಗಬಹುದು, ಪರೀಕ್ಷೆ ತಪ್ಪಿಸಬೇಡಿ. ಮೈಮೇಲೆ ದದ್ದು ಎದ್ದರೆ ಮಾತ್ರ ಕಾಯುವಂತಿಲ್ಲ, ಅಂದೇ ವೈದ್ಯರಿಗೆ ತೋರಿಸಿ. ಗರ್ಭನಿರೋಧಕ ಮಾತ್ರೆಯ ಬಲವನ್ನೂ ಇದು ಕುಗ್ಗಿಸುತ್ತದೆ (ಕೇಳದಿದ್ದರೆ ಯಾರೂ ಹೇಳದೇ ಇರಬಹುದು).