ಹಳ್ಳ, ಸಗಣಿ, ಗಾಳಿ: ಮಲೆನಾಡಿನ ಒಂದು ಮನೆಯಲ್ಲಿ ಮೂರು ಇಂಧನಗಳ ಹೋಲಿಕೆ

ಮಳೆಗಾಲದಲ್ಲಿ ಮರವೊಂದು ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲದೆ ಕಳೆಯಬೇಕಾದ ಮಲೆನಾಡಿನ ಒಂಟಿಮನೆಗಳಲ್ಲಿ ಬದಲಿ ಇಂಧನದ ಮಾತು ಹೊಸದಲ್ಲ, ಅದರ ಬಗೆಗಿನ ಅನುಮಾನವೂ ಹೊಸದಲ್ಲ. ನಮ್ಮ ಮನೆಯಲ್ಲಿ ಗೋಬರ್ ಗ್ಯಾಸ್, ಹಳ್ಳದ ನೀರಿನಿಂದ ತಿರುಗುವ ಸಣ್ಣ ಟರ್ಬೈನ್ ಮತ್ತು ಗುಡ್ಡದ ನೆತ್ತಿಯ ಗಾಳಿಯಂತ್ರ ಈ ಮೂರನ್ನೂ ಬಳಸಿ ನೋಡಿದ್ದೇವೆ. "ಇವೆಲ್ಲ ಸಬ್ಸಿಡಿ ಸಿಗುವ ತನಕ ಮಾತ್ರ" ಎಂದು ಊರಿನವರು ಆಡುವ ಮಾತು ಮೂರಕ್ಕೂ ಒಂದೇ ಸಮನಾಗಿ ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಗಾಳಿಯಂತ್ರದ ಮಟ್ಟಿಗೆ ಅನುಮಾನಪಟ್ಟವರ ಮಾತೇ ಸರಿ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರಿಂದ ಸಿಗುವ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಚಿತ್ರದುರ್ಗ, ಗದಗದ ಬೋಳುಗುಡ್ಡಗಳಿಗೆ ಒಗ್ಗಿದ ವಿದ್ಯೆ ಮರಗಳ ನಡುವೆ ಗಾಳಿ ಸುಳಿಸುಳಿಯಾಗಿ ಬೀಸುವ ನಮ್ಮ ಕಡೆಗೆ ಒಗ್ಗಲಿಲ್ಲ. ಯಂತ್ರ ಸದ್ದು ಮಾಡಿದಷ್ಟು ಬ್ಯಾಟರಿಯನ್ನು ತುಂಬಲಿಲ್ಲ.

ಗೋಬರ್ ಗ್ಯಾಸಿನ ಕಥೆ ಬೇರೆ. ಸಗಣಿಯ ಗ್ಯಾಸಿನಲ್ಲಿ ಬೇಯಿಸಿದ ಅನ್ನಕ್ಕೆ ವಾಸನೆ ಹತ್ತುತ್ತದೆ ಎಂಬುದು ಹಳೆಯ ಆಕ್ಷೇಪ. ಸರಿಯಾಗಿ ಉರಿಯುವ ನೀಲಿ ಜ್ವಾಲೆಯಿಂದ ಯಾವ ವಾಸನೆಯೂ ಬರುವುದಿಲ್ಲ. 1984ರಲ್ಲಿ ಬಂದ, ನೆಲದೊಳಗೆ ಗುಮ್ಮಟ ಕಟ್ಟುವ ದೀನಬಂಧು ಮಾದರಿಯಲ್ಲಿ ಹಳೆಯ ಮಾದರಿಯಲ್ಲಿ ಗ್ಯಾಸ್ ಹಿಡಿದಿಡುತ್ತಿದ್ದ, ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ಮೇ ಇಲ್ಲ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕದಡಿ ಹಾಕಿದರೆ, 14.2 ಕಿಲೋ ಸಿಲಿಂಡರಿನ ಕೆಲಸವನ್ನು ಅದು ಎರಡು ವಾರಕ್ಕಿಂತ ತುಸು ಹೆಚ್ಚು ಸಮಯದಲ್ಲಿ ಮಾಡಿ ಮುಗಿಸುತ್ತದೆ. ಹೊರಬಂದ ಸ್ಲರಿ ತೋಟಕ್ಕೆ ಗೊಬ್ಬರವಾಗುವುದು ಪ್ರತ್ಯೇಕ ಲಾಭ. ಬೆಂಕಿ ಬಿಟ್ಟು ಬಿಟ್ಟು ಉರಿಯತೊಡಗಿದರೆ ಸ್ಥಾವರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಹೆಚ್ಚಿನ ಸಲ ಪೈಪಿನ ತಗ್ಗಿನಲ್ಲಿ ನೀರು ನಿಂತಿರುತ್ತದೆ, ಅಲ್ಲಿನ ನಲ್ಲಿ ತಿರುಗಿಸಿ ನೀರು ಬಸಿದರೆ ಸಾಕು. ಇದರ ನಿಜವಾದ ಶತ್ರು ಖಾಲಿಯಾಗುತ್ತಿರುವ ಕೊಟ್ಟಿಗೆ. ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿದ ಸಮುದಾಯ ಸ್ಥಾವರದಲ್ಲಿಯೂ ಎಲ್ಲ ಮನೆಗಳ ಅಡುಗೆಗೆ ಗ್ಯಾಸ್ ಸಾಲದೆ ಹೋಯಿತು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಊರಿಗೆ ನೀರು, ಬೆಳಕು ಕೊಡಲಾಯಿತು.

ಮೂರರಲ್ಲಿ ಹೆಚ್ಚು ನಗೆಗೀಡಾದದ್ದು ಟರ್ಬೈನ್, ಹೆಚ್ಚು ನೆಚ್ಚಬಹುದಾದದ್ದೂ ಅದೇ. 30 ಮೀಟರ್ ಎತ್ತರದಿಂದ ಸೆಕೆಂಡಿಗೆ 4 ಲೀಟರ್ ನೀರು ಪೈಪಿನಲ್ಲಿ ಇಳಿದುಬಂದರೆ, ನಷ್ಟವೆಲ್ಲ ಕಳೆದು ಸುಮಾರು 600 ವ್ಯಾಟ್ ಸಿಗುತ್ತದೆ. ಕೇಳಲು ಇದು ಅಲ್ಪವೆನಿಸಿದರೂ ಹಗಲು ರಾತ್ರಿ ಬಿಡದೆ ಸಿಗುವುದರಿಂದ ದಿನಕ್ಕೆ 14 ಯೂನಿಟ್ ದಾಟುತ್ತದೆ, ಆದರೆ 1 ಕಿಲೋವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನ ದಿನ ಕೊಡುವುದು 4 ಯೂನಿಟ್ ಆಸುಪಾಸು. ಬಳಕೆ ಕಡಿಮೆಯಾದಾಗ ಟರ್ಬೈನ್ ಅಂಕೆ ಮೀರಿ ತಿರುಗದಂತೆ ಮಿಕ್ಕ ಕರೆಂಟನ್ನು ಕಂಟ್ರೋಲರ್ ಎಂಬ ನಿಯಂತ್ರಣ ಪೆಟ್ಟಿಗೆ ನೀರು ಕಾಯಿಸುವ ಒಂದು ಕಾಯಿಲಿಗೆ ಕಳಿಸುತ್ತದೆ. ಆ ಕಾಯಿಲನ್ನು ನಾವು ಬಚ್ಚಲಿನ ನೀರಿಗೆ ಇಳಿಬಿಟ್ಟಿರುವುದರಿಂದ ಆಷಾಢದ ಬೆಳಗಿನಲ್ಲಿ ಒದ್ದೆ ಸೌದೆ ಊದುವ ಪಾಡು ತಪ್ಪಿದೆ. ತೊಂದರೆಯಿಲ್ಲವೆಂದಲ್ಲ. ಜೋರು ಮಳೆ ಬಂದಾಗಲೆಲ್ಲ ನೀರು ಹಿಡಿಯುವ ಕಡೆ ಜಾಲರಿಗೆ ತರಗೆಲೆ ಮೆತ್ತಿಕೊಳ್ಳುತ್ತದೆ, ದೀಪ ಮಂಕಾದೊಡನೆ ಕಂಬಳಿಕೊಪ್ಪೆ ಹೊದ್ದು, ಉಂಬಳ ಕಚ್ಚಿಸಿಕೊಳ್ಳುತ್ತ ಹಳ್ಳದ ತನಕ ಯಾರಾದರೂ ಹೋಗಲೇಬೇಕು. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಟರ್ಬೈನಿಗೂ ರಜೆ, ಆಗ ಸೋಲಾರೇ ಗತಿ.

ಆದ್ದರಿಂದ ವರ್ಷದ ಆರೇಳು ತಿಂಗಳು ಇಳಿಜಾರಿನ ಹಳ್ಳ ಹರಿಯುವವರು ಮೊದಲು ಟರ್ಬೈನ್ ಹಾಕಿಸುವುದು ಲೇಸು. ಕೊಟ್ಟಿಗೆಯಲ್ಲಿ ನಾಲ್ಕೈದು ದನಗಳಿರುವವರು ಗೋಬರ್ ಗ್ಯಾಸನ್ನು ಕೈಬಿಡಬಾರದು. ಹಣ ಕೊಡುವ ಮೊದಲು ಕೇಳಬೇಕಾದದ್ದು ಇದು ಉರಿಯುತ್ತದೆಯೇ ಎಂದಲ್ಲ, ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದು. ಟರ್ಬೈನಿನ ಬೇರಿಂಗನ್ನು ಪಂಪ್‌ಸೆಟ್ ರಿಪೇರಿ ಮಾಡುವವರೇ ಬದಲಿಸಿಕೊಡುತ್ತಾರೆ, ಕಂಟ್ರೋಲರ್ ಬೋರ್ಡ್ ಸುಟ್ಟರೆ ಮಾತ್ರ ಈಗಲೂ ಅದನ್ನು ಬಿಚ್ಚಿ ಬಸ್ಸಿನಲ್ಲಿ ಪೇಟೆಗೆ ಕಳಿಸಬೇಕು.