ಕುಲುಮೆಯ ಕತ್ತಿ: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ತೀರ್ಥಹಳ್ಳಿ ಕಡೆಯ ಒಂದು ಕುಲುಮೆಯಲ್ಲಿ ಮಾಡಿಸಿದ ಕತ್ತಿ ಇದು. ಅಲಗು ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿನದು, ಅಂದರೆ ಸುಮಾರು ಶೇ. 0.6ರಷ್ಟು ಕಾರ್ಬನ್ ಇರುವ ಗಟ್ಟಿ ಉಕ್ಕು, ಬಿದಿರಿಗೆ ಹೊಡೆದರೂ ಬಾಯಿ ಮುಕ್ಕಾಗಿಲ್ಲ, ಮೊಂಡಾದರೆ ಮಸೆಗಲ್ಲಿಗೆ ನಾಲ್ಕು ಸಲ ಉಜ್ಜಿದರೆ ಸಾಕು. ಬೆನ್ನಿನ ಮೇಲೆ ಸುತ್ತಿಗೆಯ ಗುರುತು ಹಾಗೇ ಇದೆ. ನನಗೆ ಅದೇ ಇಷ್ಟ, ಪಾಲಿಶ್ ಬೇಕಿದ್ದವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಲಿ. ಆಚಾರರು ನನ್ನ ಕೈ ಅಳತೆ ನೋಡಿಯೇ ಹಿಡಿ ಕೂರಿಸಿದರು, ಅಂಗಡಿ ಕತ್ತಿಯಲ್ಲಿ ಇದೆಲ್ಲ ಸಿಗಲ್ಲ ಅಲ್ವಾ? ಆದರೆ ಹಿಡಿಯ ಮರ ಸ್ವಲ್ಪ ಹಸಿ ಇತ್ತು, ಒಣಗಿದ ಮೇಲೆ ಅಲುಗಾಡಿತು, ಮತ್ತೆ ಹೋಗಿ ಬಿಗಿ ಮಾಡಿಸಿದೆ. ಆಗುಂಬೆ ಮಳೆಯಲ್ಲಿ ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು. ಕೊಬ್ಬರಿ ಎಣ್ಣೆ ಸವರಿಯೇ ಇಡಿ. ಸೊಂಟಕ್ಕೆ ಕಟ್ಟುವ ಕೊಕ್ಕೆಗೆ ಬೇರೆ ದುಡ್ಡು.