ಎಬಿಎಸ್ ಗಾಡಿಯ ಬ್ರೇಕಿನ ಗಾಳಿ ತೆಗೆಸೋರಿಗೆ: ಕಡೂರು ರಸ್ತೆಯ ಒಂದು ಗ್ಯಾರೇಜು

ಬ್ರೇಕ್ ಆಯಿಲ್ ಪೈಪಲ್ಲಿ ಗಾಳಿ ಸೇರಿ ಪೆಡಲ್ ಮೆತ್ತಗಾಗಿದೆ ಅಂದ್ರೆ ಚಿಕ್ಕಮಗಳೂರಲ್ಲಿ ಹೆಚ್ಚಿನ ಕಡೆ ಮಾಡೋದು ಒಂದೇ. ಒಬ್ಬ ಹುಡುಗ ಸೀಟಲ್ಲಿ ಕೂತು ಬ್ರೇಕ್ ತುಳೀತಾನೆ, ಇನ್ನೊಬ್ಬ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು "ಹೊಡಿ, ಹೊಡಿ, ಹಿಡ್ಕೋ" ಅಂತ ನಿಪ್ಪಲ್ (ಗಾಳಿ ಹೊರಬಿಡೋ ಪುಟ್ಟ ಸ್ಕ್ರೂ) ಸಡಿಲಿಸಿ ಬಿಗೀತಾನೆ. ಹಳೇ ಗಾಡಿಗೆ ಅಷ್ಟೇ ಸಾಕು. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಇರೋ ನನ್ನ ಟೂರಿಸ್ಟ್ ಗಾಡಿಗೆ ಸಾಕಾಗಲಿಲ್ಲ.

ಬ್ರೇಕ್ ಪೈಪ್ ತುಕ್ಕು ಹಿಡಿದು ಸೋರಿ, ಬಾನೆಟ್ ಒಳಗಿನ ಡಬ್ಬಿಯಲ್ಲಿದ್ದ ಬ್ರೇಕ್ ಆಯಿಲ್ ಪೂರ್ತಿ ಖಾಲಿಯಾಗಿತ್ತು. ಬೇರೊಂದು ಕಡೆ ಪೈಪ್ ಬದಲಾಯಿಸಿ, ನಾಲ್ಕೂ ಚಕ್ರದ ಗಾಳಿ ತೆಗೆದು ಕೊಟ್ರು. ಪೇಟೆಯೊಳಗೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಮುಳ್ಳಯ್ಯನಗಿರಿಯಿಂದ ಇಳೀವಾಗ ರಸ್ತೆಗೆ ಕೊಚ್ಚಿ ಬಂದಿದ್ದ ಜಲ್ಲಿ ಮೇಲೆ ಜೋರಾಗಿ ಒತ್ತಿದೆ, ಎಬಿಎಸ್ ಕಟಕಟ ಅಂತು. ಮುಂದಿನ ತಿರುವಿಗೆ ನೋಡಿದ್ರೆ ಪೆಡಲ್ ಅರ್ಧಕ್ಕೆ ಹೋಗ್ತಿದೆ! ಹಿಂದೆ ಕೂತಿದ್ದ ಬೆಂಗಳೂರಿನವರು ರೀಲ್ಸ್ ಮಾಡೋದ್ರಲ್ಲಿದ್ರು, ಪುಣ್ಯಕ್ಕೆ ಗೊತ್ತಾಗಲಿಲ್ಲ. ಗೇರಲ್ಲೇ ಹಿಡಿದು ಕೈಮರದವರೆಗೆ ಇಳಿಸಿದೆ.

ಕಡೂರು ರಸ್ತೆಯ ಈ ಗ್ಯಾರೇಜಿನ ಮೆಕ್ಯಾನಿಕ್ ಬಾನೆಟ್ ಎತ್ತೋ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಎಬಿಎಸ್ ಹೊಡೆದ ಮೇಲೆ ಪೆಡಲ್ ಇಳೀತಾ, ಮೊದಲೇ ಇಳಿದಿತ್ತಾ?" ಅಲ್ಲೇ ನನಗೆ ನಂಬಿಕೆ ಬಂತು. ಎಬಿಎಸ್ ಯೂನಿಟ್ ಒಳಗೆ ಕರೆಂಟಿಂದ ತೆರೆಯೋ ವಾಲ್ವುಗಳು, ಒಂದು ಪುಟ್ಟ ಪಂಪು ಇರುತ್ತೆ. ಚಕ್ರ ಲಾಕ್ ಆಗೋ ಹೊತ್ತಿಗೆ ಮಾತ್ರ ತೆರೆಯೋ ವಾಲ್ವಿನ ಹಿಂದೆ ಗಾಳಿ ಕೂತರೆ, ನೀವು ಎಷ್ಟು ತುಳಿದರೂ ಅದು ಕದಲೋದಿಲ್ಲ. ಎಬಿಎಸ್ ಕೆಲಸ ಮಾಡಿದಾಗ ಅಲ್ಲಿಂದ ಹೊರಟು ಮೇನ್ ಲೈನಿಗೆ ಬಂದುಬಿಡುತ್ತೆ.

ಅದಕ್ಕೇ ಸ್ಕ್ಯಾನರ್. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಒಂದೊಂದು ಚಕ್ರದ ವಾಲ್ವನ್ನೂ ಪಂಪನ್ನೂ ಅದರಿಂದಲೇ ಓಡಿಸಿದ್ರು. ಗರ್ರ್ ಅಂತ ಸ್ವಲ್ಪ ಹೊತ್ತು ಓಡುತ್ತೆ, ಮೋಟಾರು ಬಿಸಿಯಾಗಬಾರದು ಅಂತ ಬಿಡುವು ಕೊಡ್ತಾರೆ. ನಿಪ್ಪಲಿಗೆ ಸಿಕ್ಕಿಸಿದ್ದ ಪಾರದರ್ಶಕ ಪೈಪನ್ನೇ ನೋಡ್ತಾ ನಿಂತಿದ್ದೆ. ಮೊದಲು ತಿಳಿ ಆಯಿಲ್ ಬಂತು. ಪಂಪ್ ಗರ್ರ್ ಅಂದಿದ್ದೇ ತಡ, ಕಂದು ಬಣ್ಣದ್ದು, ಅದರೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಸಾಲು. ಆಮೇಲೆ ಮತ್ತೆ ಕೈಯಲ್ಲಿ ಮಾಮೂಲಿ ರೀತಿಯಲ್ಲೂ ತೆಗೆದ್ರು. ಈ ನಡುವೆ ಡಬ್ಬಿಯ ಮಟ್ಟ ನೋಡೋಕೇ ಅಂತ ಒಬ್ಬ ಹುಡುಗನನ್ನ ನಿಲ್ಲಿಸಿದ್ರು. ಅದು ಖಾಲಿಯಾದ್ರೆ ಮತ್ತೆ ಗಾಳಿ ಸೇರಿ ಎಲ್ಲಾ ಮೊದಲಿಂದ.

ಸೀಲ್ ಒಡೆದ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಡಬ್ಬಿ ಶೆಲ್ಫಲ್ಲಿತ್ತು, ಅದನ್ನ ಮುಟ್ಟದೆ ಹೊಸದು ಒಡೆದ್ರು. ಈ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೂ ಕುದಿಯಬಾರದು, ನೀರು ಸೇರಿದ್ದಕ್ಕೆ ಆ ಮಿತಿ 155 ಅಷ್ಟೇ. ನಮ್ಮ ಮಲೆನಾಡಿನ ಮಳೆ, ಚಾರ್ಮಾಡಿಯ ಇಳಿಜಾರಲ್ಲಿ ಬಿಸಿಯಾಗೋ ಬ್ರೇಕು ಎರಡೂ ಸೇರಿದ್ರೆ ಲೆಕ್ಕ ನೀವೇ ಹಾಕಿ. ಬಂಪರ್ ಮೇಲೆ ಚೆಲ್ಲಿದ ಎರಡು ಹನಿಗೂ ತಕ್ಷಣ ನೀರು ಹುಯ್ದ್ರು, ಇಲ್ಲಾಂದ್ರೆ ಪೇಂಟ್ ಎದ್ದುಹೋಗುತ್ತೆ.

ನನಗೆ ಇಷ್ಟವಾಗಿದ್ದು ಕೊನೆಯ ಪರೀಕ್ಷೆ. ಪಕ್ಕದ ಖಾಲಿ ಜಾಗದ ಮಣ್ಣಲ್ಲಿ ತಾವೇ ಓಡಿಸಿ, ಬೇಕಂತಲೇ ಎಬಿಎಸ್ ಹೊಡೆಯೋ ಹಾಗೆ ಒತ್ತಿ, ಆಮೇಲೆ ಪೆಡಲ್ ಇಳಿದಿದೆಯಾ ನೋಡಿದ್ರು. ಹಿಂದಿನವರು ಇಷ್ಟು ಮಾಡಿದ್ರೆ ನಾನು ಗಿರಿ ಮೇಲೆ ಬೆವರೋದು ತಪ್ತಿತ್ತು.

ಕಾಸು ಮಾಡೋ ಬುದ್ಧಿಯೂ ಇಲ್ಲ. ನನ್ನ ಮುಂದೆಯೇ ಬರೀ ಕ್ಯಾಲಿಪರ್ (ಚಕ್ರದಲ್ಲಿ ಬ್ರೇಕ್ ಪ್ಯಾಡ್ ಒತ್ತೋ ಭಾಗ) ಬದಲಾಯಿಸೋಕೆ ಬಂದ ಒಬ್ಬರಿಗೆ "ನಿಮ್ಮದಕ್ಕೆ ಸ್ಕ್ಯಾನರ್ ಬೇಡ ಸಾರ್, ಕೈಯಲ್ಲೇ ಆಗುತ್ತೆ" ಅಂದ್ರು.

ಕಷ್ಟ ಏನಂದ್ರೆ ಕಾಯೋದು. ಇರೋದು ಒಂದೇ ಸ್ಕ್ಯಾನರ್. ಕೂರೋಕೆ ಹಳೇ ಟೈರು. ಆಯಿಲ್, ಕೂಲಿ ಸೇರಿ 2,200 ತಗೊಂಡ್ರು, ಬಿಲ್ ಮಾತ್ರ ಕೇಳಿದ ಮೇಲೆ ಬರೆದುಕೊಟ್ಟರು. 5ಕ್ಕೆ 4 ಕೊಡ್ತೀನಿ. ಶನಿವಾರ ಹೋಗ್ಬೇಡಿ, ಗಿರಿ ಹತ್ತೋಕೆ ಬಂದು ಕ್ಲಚ್ ಸುಟ್ಟುಕೊಂಡ ಗಾಡಿಗಳೆಲ್ಲ ಅಲ್ಲೇ ಸಾಲು ನಿಂತಿರ್ತವೆ.